ತಾಂಬೂಲದ ಚೀಲವನ್ನರಸುತ್ತ

ಮದುವೆಯ ಮನೆಯ ಲೆಕ್ಕಗಳಲ್ಲಿ ತಾಂಬೂಲದ ಚೀಲದ ಲೆಕ್ಕ ಎಲ್ಲಕ್ಕಿಂತ ಸಣ್ಣದು. ಆದರೆ ನಮ್ಮ ಮನೆಯಲ್ಲಿ ಛತ್ರ, ಅಡಿಗೆಯವರು, ಒಡವೆ, ಜವಳಿಗಳ ವಿಷಯವೆಲ್ಲ ಒಂದೊಂದು ಸಂಜೆಯಲ್ಲಿಯೇ ಗೊತ್ತಾಗಿ, ಈ ಸಣ್ಣ ಲೆಕ್ಕವೊಂದು ಮಾತ್ರ ಮೂರು ವಾರಗಳವರೆಗೆ ಬಗೆಹರಿಯದೆ ನಿಂತಿತು. ದೇವರ ಚಿತ್ರವನ್ನೋ ವಧೂವರರ ಹೆಸರನ್ನೋ ಅಚ್ಚುಹಾಕಿದ ಪ್ಲಾಸ್ಟಿಕ್ಕಿನ ಚೀಲಗಳು ಬೆಂಗಳೂರಿನ ಸಗಟು ಅಂಗಡಿಗಳಲ್ಲಿ ನೂರರ ಲೆಕ್ಕದಲ್ಲಿ ದೊರೆಯುತ್ತವೆ. ಮುನ್ನೂರು ಚೀಲಗಳನ್ನು ಕೊಂಡು ಕೈತೊಳೆದುಕೊಳ್ಳೋಣವೆಂದು ನನ್ನ ಮತ. ಮಗಳು ಒಪ್ಪಲಿಲ್ಲ.

ಅವಳು ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಈಚೆಗೆ ತಲೆಯೆತ್ತಿರುವ ಸಣ್ಣ ಸಣ್ಣ ಮಳಿಗೆಗಳನ್ನು ಸುತ್ತುವವಳು. ಹಳೆಯ ಮನೆಯೊಂದರ ಮುಂಗೋಣೆಯೇ ಅಂಗಡಿ. ಹಜಾರದಲ್ಲಿ ನಾಲ್ಕು ಮರದ ಹಲಗೆಗಳು. ಒಂದರ ಮೇಲೆ ಮಣ್ಣಿನ ಬಟ್ಟಲು, ಇನ್ನೊಂದರ ಮೇಲೆ ಕೈಕಾಗದದ ಪುಸ್ತಕ, ಮತ್ತೊಂದರ ಮೇಲೆ ಯಾವುದೋ ದೂರದ ಊರಿನ ಕಸೂತಿ. ಒಂದು ವಸ್ತು ಮತ್ತೊಂದರ ಪಡಿಯಚ್ಚಾಗಿರಬಾರದೆಂಬುದೇ ಆ ಅಂಗಡಿಯವರ ಹೆಮ್ಮೆ. ಅಂತಹ ಒಂದು ಮಳಿಗೆಯಿಂದ ಅವಳು ಅಂಗೈಯಗಲದ ಒಂದು ಕೆಂಪು ಚೀಲವನ್ನು ತಂದಳು. ಮೈತುಂಬ ಹೊಲಿಗೆ, ನಡುವೆ ಮೂರು ಸಣ್ಣ ಕನ್ನಡಿ, ಬಾಯಿಗೆ ಕವಡೆ. ಅದರ ಬೆಲೆಯನ್ನು ಇಲ್ಲಿ ಬರೆಯಲಾರೆ. ನಮ್ಮ ಅಕ್ಕ ಈ ಪತ್ರಿಕೆಯನ್ನು ತಪ್ಪದೆ ಓದುವವಳು. ಚೀಲಕ್ಕೆ ಕಟ್ಟಿದ್ದ ಚೀಟಿಯಲ್ಲಿ ಸಂಡೂರಿನ ಹೆಸರಿತ್ತು.

ಆ ಅಕ್ಕನನ್ನು ಕೊಟ್ಟಿರುವುದು ಬುಕ್ಕಸಾಗರಕ್ಕೆ. ಸಂಗತಿಯನ್ನು ಫೋನಿನಲ್ಲಿ ಕೇಳಿದ ಕೂಡಲೇ, "ಅಲ್ಲೋ ತಮ್ಮಾ, ನಮ್ಮ ಮನಿ ಮಗ್ಗುಲದಾಗ ಮಾಡೂದನ್ನ ಬೆಂಗಳೂರಿಗೆ ಹೋಗಿ ಕೊಂಡ್ಯಾ? ಬಂದು ನೋಡು" ಎಂದಳು. ಹೀಗೆ ಕಾರ್ತಿಕ ಮಾಸದ ಒಂದು ರಾತ್ರಿ ನಾನೂ ನನ್ನ ಮನೆಯವರೂ ಮಗಳೂ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಹೊಸಪೇಟೆಗೆ ಹೊರಟೆವು.

ಬುಕ್ಕಸಾಗರವು ಹೊಸಪೇಟೆಯಿಂದ ಕಮಲಾಪುರವನ್ನು ಹಾದು ಕಂಪ್ಲಿಯ ಕಡೆಗೆ ಹೋಗುವ ಸೀಮೆಯಲ್ಲಿ, ತುಂಗಭದ್ರೆಯ ಬಲದಂಡೆಯ ಹತ್ತಿರ ಇರುವ ಊರು. ಹೆಸರಿನಲ್ಲಿಯೇ ಬುಕ್ಕರಾಯನಿದ್ದಾನೆ. ಊರಿನ ಸುತ್ತ ಒಂದು ಕಡೆ ಬಾಳೆ, ಒಂದು ಕಡೆ ಕಬ್ಬು, ಒಂದು ಕಡೆ ಭತ್ತ. ಇವುಗಳ ನಡುನಡುವೆ, ಯಾರೋ ಆಟವಾಡಿ ಬಿಟ್ಟುಹೋದಂತೆ, ಒಂದರ ಮೇಲೊಂದು ಕುಳಿತ ಬಂಡೆಗಳ ಗುಡ್ಡಗಳು. ವಿಜಯನಗರದ ಅರಸರು ತೆಗೆಸಿದ ಕಾಲುವೆಗಳಲ್ಲಿ ಈ ಸೀಮೆಯ ಗದ್ದೆತೋಟಗಳಿಗೆ ಇಂದಿಗೂ ನೀರು ಹರಿಯುತ್ತಿದೆ. ಅರಮನೆಗಳು ಬಿದ್ದುಹೋದುವು, ಕಾಲುವೆಗಳು ಉಳಿದುವು. ಅಕ್ಕನ ಮನೆಯ ಹಿತ್ತಿಲಿಗೆ ಹೊಂದಿಕೊಂಡೇ ಬಾಳೆಯ ತೋಟ. ನಾವು ಹೋದ ದಿನ ಗೊನೆ ಕಡಿದ ಗಿಡಗಳನ್ನು ಉರುಳಿಸಿ ಬದುವಿನ ಮೇಲೆ ರಾಶಿಹಾಕುತ್ತಿದ್ದರು. ಬಾಳೆಯ ಗಿಡ ಒಂದೇ ಸಲ ಫಲ ಕೊಡುವುದಷ್ಟೆ. ಗೊನೆ ಇಳಿದ ಮೇಲೆ ಆ ಕಂಬವನ್ನು ಕಡಿಯಲೇಬೇಕು. ಒಂದೆರಡರಿಂದ ದಿಂಡು ತೆಗೆದು ಪಲ್ಯ ಮಾಡಬಹುದು, ನಾಲ್ಕಾರನ್ನು ದನಕ್ಕೆ ಹಾಕಬಹುದು; ಮಿಕ್ಕದ್ದು ಬದುವಿನ ಮೇಲೆ ಕೊಳೆಯುತ್ತದೆ. "ಇದನ್ನ ಸಾಗಹಾಕೂದಕ್ಕೇ ಆಳು ಬೇಕು" ಎಂದು ಅಕ್ಕ ಗೊಣಗಿದಳು. ಆ ಮಾತು ನನಗೆ ಮರುದಿನ ಜ್ಞಾಪಕಕ್ಕೆ ಬಂದಿತು.

ಮರುದಿನ ನದಿಯನ್ನು ದಾಟಿ ಆನೆಗೊಂದಿಗೆ ಹೋದೆವು. ಹಿಂದೆ ಈ ಊರಿನವರು ಆ ದಡಕ್ಕೆ ಹೋಗಬೇಕಾದರೆ ಹರಗೋಲನ್ನು ನಂಬಬೇಕಾಗಿತ್ತು. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಒಳಗೆ ಬೆತ್ತ ಹೆಣೆದು ಹೊರಗೆ ತೊಗಲು ಹೊದೆಯಿಸಿದ, ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ಜನರು ನದಿ ದಾಟುವುದನ್ನು ಕಂಡು ಬರೆದಿಟ್ಟಿದ್ದಾನೆ. ತೊಗಲಿನ ಬದಲಿಗೆ ಪ್ಲಾಸ್ಟಿಕ್ಕಿನ ಹಾಳೆಯೂ ಡಾಂಬರೂ ಬಂದಿರುವುದು ವಿನಾ ಹರಗೋಲಿನ ಆಕಾರ ಇಂದಿಗೂ ಅದೇ. ತಳವಾರಘಟ್ಟದ ಬಳಿ ಕಟ್ಟುತ್ತಿದ್ದ ಸೇತುವೆಯು 2009ರ ಜನವರಿಯಲ್ಲಿ ಕುಸಿದು ಬಿದ್ದಿತು. ಈಗ ಬುಕ್ಕಸಾಗರಕ್ಕೂ ಕಡೆಬಾಗಿಲಿಗೂ ನಡುವೆ ಸೇತುವೆಯಾಗಿರುವುದರಿಂದ ನಾವು ಕುಳಿತಲ್ಲಿಂದ ಏಳದೆಯೇ ಆಚೆಯ ದಡ ಸೇರಿದೆವು. ದಾಟಿದೊಡನೆ ಜಿಲ್ಲೆಯೂ ಬದಲಾಯಿಸಿತು. 2021ರಲ್ಲಿ ವಿಜಯನಗರವೇ ಒಂದು ಜಿಲ್ಲೆಯಾದ ಮೇಲೆ ಬುಕ್ಕಸಾಗರವು ಆ ಜಿಲ್ಲೆಗೆ ಸೇರಿತು, ಆನೆಗೊಂದಿ ಕೊಪ್ಪಳದಲ್ಲಿದೆ, ಸಂಡೂರೂ ಕಂಪ್ಲಿಯೂ ಬಳ್ಳಾರಿಯಲ್ಲಿ ಉಳಿದಿವೆ. ಒಂದು ಚೀಲಕ್ಕಾಗಿ ಮೂರು ಜಿಲ್ಲೆಗಳನ್ನು ಸುತ್ತಿದೆವೆಂದು ಈಗ ಹೇಳಿಕೊಳ್ಳಬಹುದು.

ಆನೆಗೊಂದಿಯನ್ನು ಊರೆನ್ನಬೇಕೋ ಕೋಟೆಯೆನ್ನಬೇಕೋ ತಿಳಿಯದು. ಕೋಟೆಯ ಬಾಗಿಲಿನಿಂದ ಒಳಹೊಕ್ಕರೆ ಮಣ್ಣಿನ ಗೋಡೆಯ ಮನೆಗಳು, ಕಟ್ಟೆಗಳು, ಗಗನಮಹಲು, ರಂಗನಾಥನ ಗುಡಿ. ಇಲ್ಲಿ 1997ರಲ್ಲಿ ಸ್ಥಾಪಿತವಾದ ಕಿಷ್ಕಿಂಧಾ ಟ್ರಸ್ಟ್ ಎಂಬ ಸಂಸ್ಥೆಯು ಊರಿನ ಹೆಂಗಸರಿಗೆ ಬಾಳೆನಾರಿನ ಕೆಲಸವನ್ನು ಕಲಿಸಿ ಬೆಳೆಯಿಸಿತು. ನಾವು ಕಂಡ ಹೆಂಗಸರು ನೆಲದ ಮೇಲೆ ಚಾಪೆ ಹಾಕಿಕೊಂಡು ಮಾತನಾಡುತ್ತಲೇ ಹೆಣೆಯುತ್ತಿದ್ದರು. ಅವರ ಸುತ್ತ ಬಿದ್ದಿದ್ದುದು, ಹಿಂದಿನ ದಿನ ನಮ್ಮ ಅಕ್ಕ ಗೊಣಗಿಕೊಂಡು ಸಾಗಹಾಕಿಸುತ್ತಿದ್ದ ಕಸವೇ!

ಕೆಲಸದ ಕ್ರಮವನ್ನು ನಮ್ಮ ಮನೆಯವರು ಕೇಳಿ ಕೇಳಿ ತಿಳಿದುಕೊಂಡರು. ಕಂಬದ ಪಟ್ಟೆಗಳನ್ನು ಒಂದೊಂದಾಗಿ ಸುಲಿದು ಬಿಸಿಲಿಗೆ ಹಾಕಬೇಕು. ಹೊರಗಿನ ಪಟ್ಟೆ ಒರಟು, ಬಣ್ಣ ಕಂದು. ಒಳಕ್ಕೆ ಹೋದಂತೆಲ್ಲ ನಯವೂ ಬಿಳುಪೂ ಹೆಚ್ಚು. ಒಂದೇ ಗಿಡದಲ್ಲಿ ಹೀಗೆ ನಾಲ್ಕೈದು ಬಣ್ಣಗಳು ಬಣ್ಣವನ್ನೇ ಹಾಕದೆ ದೊರೆಯುತ್ತವೆ. ಚೆನ್ನಾಗಿ ಒಣಗದಿದ್ದರೆ ಬೂಷ್ಟು ಹಿಡಿಯುವುದರಿಂದ ಮಳೆಗಾಲದಲ್ಲಿ ಈ ಕೆಲಸಕ್ಕೆ ಕಷ್ಟ. ಒಣಗಿದ ಪಟ್ಟೆಯನ್ನು ಸೀಳಿ, ಸ್ವಲ್ಪ ನೀರು ಚಿಮುಕಿಸಿ, ಹುರಿಮಾಡಿ ಹಗ್ಗವಾಗಿಸಿ, ಆ ಹಗ್ಗದಿಂದ ಚೀಲ, ಬುಟ್ಟಿ, ಚಾಪೆ, ಟೊಪ್ಪಿಗೆ ಮೊದಲಾದವುಗಳನ್ನು ಹೆಣೆಯುತ್ತಾರೆ. ಹುರಿ ಒಂದೇ ದಪ್ಪವಾಗಿ ಬರಬೇಕು. ಅಲ್ಲಿ ತಪ್ಪಿದರೆ ಹೆಣಿಗೆಯಲ್ಲಿ ಸರಿಮಾಡಲಾಗದು. ಹೂವಿನೊಡನೆ ನಾರೂ ಸ್ವರ್ಗಕ್ಕೆ ಹೋಯಿತೆಂದು ನಮ್ಮ ಗಾದೆ. ಇಲ್ಲಿಯ ನಾರು ಹೂವಿನ ಹಂಗಿಲ್ಲದೆ ತಾನಾಗಿಯೇ ಬೆಂಗಳೂರಿನವರೆಗೆ ಹೋಗುತ್ತದೆ. ಬೆಂಗಳೂರು ಸ್ವರ್ಗವೇ ಎಂಬ ಪ್ರಶ್ನೆಯನ್ನು ಓದುಗರು ತಮ್ಮಲ್ಲಿಯೇ ಬಗೆಹರಿಸಿಕೊಳ್ಳಲಿ.

ಮಗಳು ಒಂದು ಬುಟ್ಟಿಯನ್ನು ಆರಿಸಿದಳು. ನಾನು ಅಭ್ಯಾಸಬಲದಿಂದ, "ಎಷ್ಟಕ್ಕೆ ಬಿಡುತ್ತೀರಿ?" ಎಂದೆ. ಹೆಣೆಯುತ್ತಿದ್ದ ಹೆಂಗಸು ತಲೆಯೆತ್ತಿ, ಚೀಟಿಯಲ್ಲಿ ಬರೆದಿದೆಯೆಂದು ಹೇಳಿ ಮತ್ತೆ ಹೆಣೆಯತೊಡಗಿದಳು. ಬರೆದ ಬೆಲೆಯನ್ನು ಕೊಟ್ಟು ಹೊರಟು ಬಂದೆವು. ನನಗೆ ಅದೇಕೋ ಸ್ವಲ್ಪ ಅವಮಾನವಾದಂತೆ ಆಯಿತು. ಚೌಕಾಸಿ ಮಾಡದೆ ಒಂದು ವಸ್ತುವನ್ನು ಮನೆಗೆ ತರುವುದು ಗೃಹಸ್ಥನ ಲಕ್ಷಣವಲ್ಲವೆಂದು ನಮ್ಮ ತಂದೆಯವರು ಹೇಳುತ್ತಿದ್ದರು. ಈ ಉಪದೇಶವನ್ನು ನಾನು ಮರುದಿನ ಹಂಪಿಯಲ್ಲಿ ಬಡ್ಡಿಸಹಿತ ತೀರಿಸಿದೆ.

ಹಂಪಿಯ ಗುಡಿಗೋಪುರಗಳನ್ನು ವರ್ಣಿಸುವ ಉದ್ದೇಶ ನನಗಿಲ್ಲ. ಸಮರ್ಥರು ಆ ಕೆಲಸವನ್ನು ಎಷ್ಟೋ ಸಲ ಮಾಡಿದ್ದಾರೆ. ನಾವು ಹೋದುದು ಅಂಗಡಿಗಳಿಗಾಗಿ. ಅಂಗಡಿಗಳ ದೃಷ್ಟಿಯಿಂದ ನೋಡಿದರೂ ಇಂತಹ ಊರು ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ವಿರೂಪಾಕ್ಷನ ಗುಡಿಯ ಎದುರಿನಿಂದ ಏಕಶಿಲೆಯ ನಂದಿಯವರೆಗೆ ಮುಕ್ಕಾಲು ಕಿಲೋಮೀಟರಿನಷ್ಟು ಉದ್ದಕ್ಕೆ ಎರಡು ಕಡೆಯೂ ಕಲ್ಲಿನ ಮಂಟಪಗಳ ಸಾಲು. ಇದು ಒಂದು ಪೇಟೆ. ಕೃಷ್ಣನ ಗುಡಿಯ ಮುಂದೆ ಒಂದು, ಅಚ್ಯುತರಾಯನ ಗುಡಿಯ ಮುಂದೆ ಒಂದು, ವಿಠ್ಠಲನ ಗುಡಿಯ ಮುಂದೆ ಒಂದು. ಹಜಾರರಾಮನ ಗುಡಿಯ ಕಡೆಯಿಂದ ಹೊರಟ ಬೀದಿಗೆ ಪಾನಸುಪಾರಿ ಬಜಾರವೆಂದೇ ಹೆಸರು. ತಾಂಬೂಲದ ಚೀಲವನ್ನು ಹುಡುಕಿಕೊಂಡು ಹೋದವರಿಗೆ ಇದಕ್ಕಿಂತ ಶುಭಶಕುನ ಬೇಕೆ? ಆ ಬೀದಿಯಲ್ಲಿ ಈಗ ವೀಳ್ಯವೂ ಇಲ್ಲ, ಅಡಿಕೆಯೂ ಇಲ್ಲ. ಹುಲ್ಲು ಬೆಳೆದ ನೆಲ, ಮುರಿದ ಕಂಬಗಳ ಬುಡ, ಇಮ್ಮಡಿ ದೇವರಾಯನು 1426ರಲ್ಲಿ ಕಟ್ಟಿಸಿದ ಪಾರ್ಶ್ವನಾಥನ ಬಸದಿ ಇವಿಷ್ಟೇ ಇವೆ.

1443ರಲ್ಲಿ ಹೆರಾತಿನ ಸುಲ್ತಾನ ಶಾರುಖನ ರಾಯಭಾರಿಯಾಗಿ ಬಂದ ಅಬ್ದುರ್ ರಜಾಕನು ಈ ಪಟ್ಟಣದ ಪೇಟೆಗಳನ್ನು ಕಂಡು ಬೆರಗಾದನು. ಒಂದೊಂದು ಕಸುಬಿನವರ ಅಂಗಡಿಗಳು ಒಂದರ ಪಕ್ಕದಲ್ಲೊಂದು ಇದ್ದುವಂತೆ. ರತ್ನಪಡಿವ್ಯಾಪಾರಿಗಳು ಮುತ್ತು, ಕೆಂಪು, ಪಚ್ಚೆ, ವಜ್ರಗಳನ್ನು ಪೇಟೆಯಲ್ಲಿ ಬಯಲಿನಲ್ಲಿಯೇ ಮಾರುತ್ತಿದ್ದರಂತೆ. ಎಲ್ಲಿ ನೋಡಿದರೂ ಗುಲಾಬಿಯ ಹೂ ಮಾರುವವರಂತೆ. ಆದರೆ ಗೃಹಸ್ಥನಾದ ನನಗೆ ರುಚಿಸುವ ಮಾತು ಪಾಯೆಸನದು. ಪ್ರತಿ ಸಂಜೆಯೂ ಒಂದು ಸಂತೆ ನೆರೆದು ಅಲ್ಲಿ ಸಾಧಾರಣ ಕುದುರೆ ತಟ್ಟುಗಳನ್ನೂ ನಿಂಬೆ, ಕಿತ್ತಳೆ, ದ್ರಾಕ್ಷಿ, ಕಾಯಿಪಲ್ಯ, ಕಟ್ಟಿಗೆಗಳನ್ನೂ ಮಾರುತ್ತಿದ್ದರೆಂದು ಅವನು ಬರೆದಿದ್ದಾನೆ. ವಜ್ರವೈಡೂರ್ಯದ ಪಟ್ಟಣದಲ್ಲಿಯೂ ಯಾವನೋ ಒಬ್ಬ ಯಜಮಾನನು ಸಂಜೆಯ ಹೊತ್ತು ನಿಂಬೆಯಹಣ್ಣಿಗೆ ಚೌಕಾಸಿ ಮಾಡುತ್ತ ನಿಂತಿದ್ದಿರಬೇಕು! 1565ರ ಯುದ್ಧದ ಬಳಿಕ ಆ ಪೇಟೆಗಳೆಲ್ಲ ಬರಿದಾದುವು.

ವಿರೂಪಾಕ್ಷಬೀದಿಯ ಮಂಟಪಗಳಲ್ಲಿ ಮಾತ್ರ ಮುಂದೆ ಜನರು ಮನೆಮಾಡಿಕೊಂಡು, ಕಲ್ಲುಕಂಬಗಳ ನಡುವೆ ಅಂಗಡಿಯಿಟ್ಟು ಬಾಳುತ್ತಿದ್ದರು. ನಾನೇ ಎಳೆಯನಾಗಿದ್ದಾಗ ಅಲ್ಲಿ ಗಾಜಿನ ಬಳೆ ಕೊಂಡು ಅಕ್ಕನಿಗೆ ಕೊಟ್ಟದ್ದುಂಟು. ಸ್ಮಾರಕಗಳ ರಕ್ಷಣೆಗಾಗಿ 2011ರ ಜುಲೈಯಲ್ಲಿ ಅವರನ್ನೆಲ್ಲ ಎಬ್ಬಿಸಿದರು. ಹಂಪಿಯು 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಸ್ಥಳ. ಕಲ್ಲನ್ನು ಉಳಿಸಬೇಕೆಂಬವರ ಮಾತಿನಲ್ಲಿ ನ್ಯಾಯವಿದೆ. ಪೇಟೆಯೆಂದು ಕಟ್ಟಿದ ಸ್ಥಳದಲ್ಲಿ ಪೇಟೆ ನಡೆಸುತ್ತಿದ್ದೆವೆಂಬವರ ಮಾತಿನಲ್ಲಿಯೂ ನ್ಯಾಯವಿಲ್ಲದೆ ಇಲ್ಲ. ಎರಡನ್ನೂ ಕೇಳಿದ ಮೇಲೆ ಆ ಖಾಲಿ ಸಾಲುಗಳ ನಡುವೆ ನಡೆಯುವಾಗ ಮನಸ್ಸು ಹಗುರವಾಗಿರುವುದಿಲ್ಲವೆಂದಷ್ಟೇ ನಾನು ಹೇಳಬಲ್ಲೆ.

ಈಗಿನ ಅಂಗಡಿಗಳು ಗುಡಿಯ ಬಲಗಡೆಯ ಜನತಾ ಪ್ಲಾಟಿನ ಓಣಿಗಳಲ್ಲಿವೆ. ಪರದೇಶದ ಪ್ರವಾಸಿಗಳು ಇಳಿದುಕೊಳ್ಳುವ ಸಣ್ಣ ವಸತಿಗೃಹಗಳು, ಅವುಗಳ ಬಾಗಿಲ ಮುಂದೆಯೇ ತೂಗುಹಾಕಿದ ಜೋಲಾಡುವ ಅಂಗಿಗಳು, ಕನ್ನಡಿಯ ಚೀಲಗಳು, ತೊಗಲಿನ ಪುಸ್ತಕಗಳು, ಕಲ್ಲಿನ ಪುಟ್ಟ ರಥಗಳು, ತಂಬೂರಿಯಂತೆ ಒಂದೇ ಸ್ವರ ಹಿಡಿಯುವ ಹಿತ್ತಾಳೆಯ ಬಟ್ಟಲುಗಳು. ಬಣ್ಣಕ್ಕೆ ಕೊರತೆಯಿಲ್ಲ. ನಮ್ಮ ಮಗಳು ಮಾತ್ರ ಪ್ರತಿಯೊಂದು ಚೀಲವನ್ನೂ ಕೈಗೆತ್ತಿಕೊಂಡು ಒಳಮೈಯನ್ನು ಹೊರಗೆ ತಿರುವಿ ನೋಡಿ ಹಿಂದಕ್ಕಿಡುತ್ತಿದ್ದಳು. ಏಕೆಂದು ಕೇಳಿದೆ. ಯಂತ್ರದ ಕಸೂತಿಯಾದರೆ ಹಿಂಬದಿಯಲ್ಲಿ ಬೇರೊಂದು ನೂಲು ಒಂದೇ ಸಮನೆ ಓಡಿರುತ್ತದೆ. ಕೈಯ ಹೊಲಿಗೆಯಾದರೆ ಅದೇ ಬಣ್ಣದ ನೂಲು ಹಿಂದೆಯೂ ಕಾಣುತ್ತದೆ, ಗಂಟು ಹಾಕಿದ ಕಡೆ, ನೂಲು ಮುಗಿದ ಕಡೆ ಗುರುತು ಸಿಕ್ಕುತ್ತದೆ. ಕನ್ನಡಿಯನ್ನು ಅಂಟಿಸಿದ್ದರೆ ಉಗುರಿನಿಂದ ಮೀಟಿದರೆ ತಿಳಿಯುತ್ತದೆ. ಈ ಪರೀಕ್ಷೆಯನ್ನು ಗೃಹಿಣಿಯರು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಅಲ್ಲಿ ತೂಗುತ್ತಿದ್ದ ಚೀಲಗಳಲ್ಲಿ ಹಲವು ಬಹುದೂರದ ಕಾರ್ಖಾನೆಗಳಿಂದ ಬಂದುವು. ಒಂದೇ ಹೂವು ಒಂದೇ ಎಡೆಯಲ್ಲಿ ಐವತ್ತು ಚೀಲಗಳ ಮೇಲೆ ಅರಳಿತ್ತು.

ಓಣಿಯಿಂದ ಹೊರಗೆ ಬಂದಾಗ, ಬಸ್ಸು ನಿಲ್ಲುವ ಕಡೆ, ಮರದ ನೆರಳಿನಲ್ಲಿ ಒಬ್ಬ ಲಂಬಾಣಿ ಮುದುಕಿ ಬಟ್ಟೆಯೊಂದನ್ನು ಹಾಸಿಕೊಂಡು ಕುಳಿತಿದ್ದಳು. ಮುಂದೆ ಹತ್ತು ಹನ್ನೆರಡು ತುಂಡುಗಳು. ಅವುಗಳಲ್ಲಿ ಒಂದು ಹಳೆಯ ಕಾಂಚಳಿಯಿಂದ ಬಿಚ್ಚಿದ ಎದೆಯ ಪಟ್ಟಿ. ಬಣ್ಣ ಸ್ವಲ್ಪ ಮಾಸಿದ್ದರೂ ಹೊಲಿಗೆ ಬಿಗಿ. ನಡುವೆ ಹಳೆಯ ಪಾವಲಿಯೊಂದನ್ನು ಹೊಲಿದಿತ್ತು. ಮಗಳು ಅದನ್ನು ತಿರುವಿ ನೋಡಿ ಕೆಳಗಿಡಲಿಲ್ಲ. ನಾನು ಬೆಲೆ ಕೇಳಿದೆ. ಹೇಳಿದಳು. ಅರ್ಧಕ್ಕೆ ಕೇಳಿದೆ. ಇಲ್ಲವೆಂದಳು. ನಾವು ನಾಲ್ಕು ಹೆಜ್ಜೆ ನಡೆದೆವು. ಈ ವಿದ್ಯೆ ಎಲ್ಲರಿಗೂ ಗೊತ್ತಿರುವುದೇ. ಐದನೆಯ ಹೆಜ್ಜೆಗೆ ಅವಳು ಕರೆದಳು. ಬಸ್ಸು ಹೊರಡುವ ಹೊತ್ತಾಗಿತ್ತು, ಅಂದು ಅವಳಿಗೆ ಬೋಣಿಯೂ ಆಗಿರಲಿಲ್ಲವೆಂದು ಆಮೇಲೆ ಮಗಳು ಹೇಳಿದಳು. ಅರ್ಧ ಬೆಲೆಗೆ ಪಟ್ಟಿ ನಮ್ಮದಾಯಿತು. ನಾನು ಗೆದ್ದವನಂತೆ ನಡೆದೆ. ದಾರಿಯಲ್ಲಿ ತಾಯಿಮಗಳು ಯಾರೂ ನನ್ನೊಡನೆ ಮಾತನಾಡಲಿಲ್ಲ.

ಮೂರನೆಯ ದಿನ ಸಂಡೂರು. ಹೊಸಪೇಟೆಯಿಂದ 30 ಕಿಲೋಮೀಟರಿನ ಸುಮಾರು. ಕಬ್ಬಿಣದ ಅದಿರಿನ ಲಾರಿಗಳು ಓಡಾಡುವ ರಸ್ತೆ. ಮರದ ಎಲೆ, ಮೈಲಿಗಲ್ಲು, ಚಹದಂಗಡಿಯ ಬೆಂಚು ಎಲ್ಲಕ್ಕೂ ಕೆಂಪು ಧೂಳು. ಆದರೆ ಗುಡ್ಡಗಳ ನಡುವಿನ ಕಣಿವೆಯೊಳಗೆ ಇಳಿದ ಕೂಡಲೇ ಕಣ್ಣಿಗೆ ಹಸುರು ತುಂಬುತ್ತದೆ. ಮಳೆಗಾಲ ಮುಗಿದ ಹೊಸದರಲ್ಲಿ ಈ ಬೆಟ್ಟಗಳನ್ನು ನೋಡಿದವರಿಗೆ ಬಳ್ಳಾರಿಯ ಸೀಮೆಯೆಂದರೆ ನಂಬಿಕೆಯಾಗುವುದಿಲ್ಲ. ಈ ಬೆಟ್ಟಗಳ ಸುತ್ತ ಲಂಬಾಣಿಗರ ತಾಂಡಾಗಳಿವೆ. ಸುಶೀಲಾನಗರ ಅವುಗಳಲ್ಲಿ ಒಂದು.

ಲಂಬಾಣಿಗರು ಒಂದು ಕಾಲಕ್ಕೆ ನಾಡಿನ ಸಾಗಣೆಯ ಜನ. ಸಾವಿರಾರು ಎತ್ತುಗಳ ಬೆನ್ನಿನ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ಊರಿಂದೂರಿಗೆ, ದಂಡಿನಿಂದ ದಂಡಿಗೆ ಸಾಗಿಸುತ್ತಿದ್ದರು. ಲವಣದಿಂದಲೇ ಲಂಬಾಣಿ ಎಂಬ ಹೆಸರು ಬಂದಿತೆಂದು ಹೇಳುವವರಿದ್ದಾರೆ. ರೈಲು ಬಂದಿತು, ಎತ್ತಿನ ಹಿಂಡಿಗೆ ಕೆಲಸ ತಪ್ಪಿತು. ಅಲೆಯುವವರನ್ನೆಲ್ಲ ಸಂಶಯದಿಂದ ನೋಡಿದ ಇಂಗ್ಲಿಷರ ಸರಕಾರವು 1871ರ ಅಪರಾಧಿ ಬುಡಕಟ್ಟುಗಳ ಕಾನೂನನ್ನು ಹೊರಡಿಸಿತು. ಇಂತಹ ಎಷ್ಟೋ ಅಲೆಮಾರಿ ಜನಾಂಗಗಳಿಗೆ ಅದರಿಂದ ಹುಟ್ಟಿನಿಂದಲೇ ಕಳಂಕ ಅಂಟಿತು. ಹೀಗೆ ದಾರಿಯ ಮೇಲೆ ಬದುಕಿದ ಜನರಿಗೆ ಗೋಡೆಯಿಲ್ಲ, ಪೆಟ್ಟಿಗೆಯಿಲ್ಲ; ತಮ್ಮ ಸಿರಿಯನ್ನೆಲ್ಲ ಮೈಮೇಲೆಯೇ ಹೊರಬೇಕು. ಹೆಂಗಸರ ಲಂಗವಾದ ಪೇಟಿಯಾ, ರವಕೆಯಾದ ಕಾಂಚಳಿ, ತಲೆಯ ಮೇಲಿನ ಛಾಂಟಿಯಾ ಇವುಗಳ ಮೇಲೆ ಕನ್ನಡಿ, ಕವಡೆ, ನಾಣ್ಯ, ಬಟ್ಟೆಯ ಚೂರು ಯಾವುದು ಸಿಕ್ಕಿದರೆ ಅದನ್ನು ಹೊಲಿದುಕೊಂಡರು. ಸಂಪತ್ತನ್ನು ಬಚ್ಚಿಡುವ ನಮಗೆ ಅದು ಅಲಂಕಾರವಾಗಿ ಕಾಣುತ್ತದೆ.

ಈ ಹೊಲಿಗೆಯನ್ನೇ ಜೀವನೋಪಾಯವಾಗಿ ಮಾಡಿಕೊಡಲು ಸಂಡೂರು ಕುಶಲ ಕಲಾ ಕೇಂದ್ರವು 1980ರ ದಶಕದಲ್ಲಿ ಹುಟ್ಟಿತು. 2010ರಲ್ಲಿ ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆ ದೊರೆಯಿತು. ಅಂದರೆ ಬೇರೆಡೆಯಲ್ಲಿ ಮಾಡಿದ್ದನ್ನು ಈ ಹೆಸರಿನಿಂದ ಮಾರಕೂಡದು. 2023ರ ಜುಲೈಯಲ್ಲಿ ಜಿ-20 ರಾಷ್ಟ್ರಗಳ ಸಂಸ್ಕೃತಿ ಸಭೆಯು ಹಂಪಿಯಲ್ಲಿ ನಡೆದಾಗ, ಇಲ್ಲಿಗೆ ಸೇರಿದ 450ಕ್ಕೂ ಹೆಚ್ಚು ಹೆಂಗಸರ ಕೈಕೆಲಸದ 1755 ವಸ್ತುಗಳನ್ನು ಒಟ್ಟಿಗೆ ಪ್ರದರ್ಶಿಸಿ ಗಿನ್ನೆಸ್ ದಾಖಲೆಯನ್ನು ಪಡೆದರು. ಈ ಅಂಕಿಗಳನ್ನು ಕೇಳಿದಾಗ ನನಗೆ ವಿಶೇಷವೇನೂ ತೋರಲಿಲ್ಲ. ತೋರಿದ್ದು ಆಮೇಲೆ.

ಅಲ್ಲಿ ಹೊಲಿಯುತ್ತಿದ್ದವರ ಪಕ್ಕದಲ್ಲಿ ನಮ್ಮ ಮನೆಯವರು ಸುಮ್ಮನೆ ಕುಳಿತುಕೊಳ್ಳಲಾರದೆ, ತಾವೂ ಒಂದು ಕನ್ನಡಿಯನ್ನು ಹೊಲಿಯುವುದಾಗಿ ಕೇಳಿಕೊಂಡರು. ಕಸೂತಿಯಲ್ಲಿ ಅವರು ಅನಾಡಿಗಳಲ್ಲ, ತವರಿನಲ್ಲಿ ಕಲಿತವರು. ಕನ್ನಡಿಗೆ ತೂತಿಲ್ಲ. ಅದನ್ನು ಬಟ್ಟೆಯ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿಹಿಡಿದು, ಮೊದಲು ಅಡ್ಡಕ್ಕೆರಡು ಉದ್ದಕ್ಕೆರಡು ಎಳೆ ಬಿಗಿದು ಚೌಕಟ್ಟು ಕಟ್ಟಬೇಕು. ಬಳಿಕ ಆ ಎಳೆಗಳನ್ನು ಹಿಡಿದು ಸುತ್ತಲೂ ಕುಣಿಕೆಯ ಹೊಲಿಗೆ ಹಾಕುತ್ತ ಬಂದರೆ ಚೌಕ ಹಿಗ್ಗಿ ದುಂಡಗಾಗಿ ಕನ್ನಡಿಯನ್ನು ಕಚ್ಚಿಕೊಳ್ಳುತ್ತದೆ. ಎಳೆ ಸಡಿಲವಾದರೆ ಕನ್ನಡಿ ಜಾರುತ್ತದೆ, ಬಿಗಿಯಾದರೆ ಬಟ್ಟೆ ಸುಕ್ಕುತ್ತದೆ. ಮನೆಯವರ ಕನ್ನಡಿ ಮೂರು ಸಲ ಜಾರಿತು. ನಾಲ್ಕನೆಯ ಸಲ ನಿಂತಾಗ ನಾನು ಗಡಿಯಾರ ನೋಡಿದೆ: ಮುಕ್ಕಾಲು ಗಂಟೆ ಕಳೆದಿತ್ತು. ಪಕ್ಕದ ಹೆಂಗಸು ನಗುತ್ತ ಅದನ್ನು ಬಿಚ್ಚಿ, ಮಾತನಾಡುತ್ತಲೇ ಮತ್ತೆ ಹಾಕಿದಳು. ಅವಳಿಗೂ ಹತ್ತು ನಿಮಿಷವಾಯಿತು. ಅದು ಒಂದು ಕನ್ನಡಿ. ಅದರ ಸುತ್ತ ಬರಬೇಕಾದ ಸಾಲುಹೊಲಿಗೆ, ಸರಪಳಿ, ಮೀನುಮುಳ್ಳಿನ ಹೊಲಿಗೆ ಇನ್ನೂ ಬೇರೆ.

ನನ್ನ ಕೈ ತಾನಾಗಿಯೇ ಚೀಲದೊಳಗಿದ್ದ ಹಂಪಿಯ ಪಟ್ಟಿಯನ್ನು ಮುಟ್ಟಿತು. ಹೊರಗೆ ತೆಗೆದು ಕನ್ನಡಿಗಳನ್ನು ಎಣಿಸಿದೆ: ಹದಿನೇಳು. ಆ ಹೆಂಗಸು ಅದನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು. ಇದು ಮಾರುವುದಕ್ಕಾಗಿ ಹೊಲಿದದ್ದಲ್ಲ, ಮದುವೆಗೆಂದು ಹೊಲಿದುಕೊಂಡದ್ದು ಎಂದಳು. ಎಷ್ಟಕ್ಕೆ ಬಂದಿತೆಂದು ಅವಳು ಕೇಳಿದಾಗ ನಾನು ಉತ್ತರ ಹೇಳುವ ಮೊದಲೇ ನಮ್ಮ ಮನೆಯವರು ಮಾತು ಬದಲಾಯಿಸಿದರು. ಮೂವತ್ತು ವರ್ಷಗಳ ದಾಂಪತ್ಯದಲ್ಲಿ ಇಂತಹ ಉಪಕಾರಗಳು ಹಲವು ಸಂದಿವೆ. ಇದರಷ್ಟು ದೊಡ್ಡದು ಇನ್ನೊಂದಿಲ್ಲ.

ಬೆಂಗಳೂರಿನ ಆ ಕೆಂಪು ಚೀಲದಂತಹುದೇ ಚೀಲ ಅಲ್ಲಿಯೂ ಇತ್ತು. ಬೆಲೆ ಕಡಮೆ. ಇಷ್ಟು ದಿನ ನಾನು ಬೆಂಗಳೂರಿನ ಅಂಗಡಿಯವರನ್ನು ಹಗಲುದರೋಡೆಯವರೆಂದು ಬೈಯುತ್ತಿದ್ದೆ. ಆ ಮಾತನ್ನು ಪೂರ್ತಿಯಾಗಿ ಹಿಂದಕ್ಕೆ ತೆಗೆದುಕೊಳ್ಳಲಾರೆ. ಆದರೆ ಬಾಡಿಗೆ, ಸಾಗಣೆ, ಮಾರಾಟವಾಗದೆ ಉಳಿಯುವ ಮಾಲು ಇವೆಲ್ಲವನ್ನೂ ಕೂಡಿದರೆ ಲೆಕ್ಕ ನಾನು ಎಣಿಸಿದಷ್ಟು ಸುಲಭವಲ್ಲ. ಅವರು ಚೀಟಿ ಕಟ್ಟಿ ಊರಿನ ಹೆಸರನ್ನು ಬರೆದಿದ್ದರಿಂದಲೇ ನಾವು ಇಲ್ಲಿಗೆ ಬಂದದ್ದೂ ನಿಜ. ಹಾಗೆ ನೋಡಿದರೆ, ಹೊಲಿದವಳಿಗೆ ಅರ್ಧ ಕೊಟ್ಟು ಬಂದವನು ಬೆಂಗಳೂರಿನ ಅಂಗಡಿಯವನಲ್ಲ, ನಾನು.

ಮುನ್ನೂರು ಚೀಲಗಳ ಮಾತೆತ್ತಿದೆ. ಮಾಘಮಾಸದೊಳಗೆ ಬೇಕೆಂದಾಗ ಅವರು ನಕ್ಕರು. ಮನೆಗೆಲಸ, ಹೊಲದ ಕೆಲಸ ಮುಗಿಸಿ ಹೊಲಿಯುವ ಕೈಗಳು. ಅವಸರ ಮಾಡಿದರೆ ಹೊಲಿಗೆ ಕೆಡುತ್ತದೆ. ಕೊನೆಗೆ ನಲವತ್ತು ಚೀಲಗಳಿಗೆ ಒಪ್ಪಂದವಾಯಿತು, ಬರೆದ ಬೆಲೆಗೆ. ಉಳಿದ ಇನ್ನೂರರವತ್ತಕ್ಕೆ ಬಿಳಿಯ ಖಾದಿಯ ಚೀಲ ಹೊಲಿಸಿ, ಬಾಯಿಗೆ ಆನೆಗೊಂದಿಯ ಬಾಳೆನಾರಿನ ಹುರಿ ಹಾಕಿಸುವುದೆಂದು ಮಗಳೇ ಸೂಚಿಸಿದಳು. ಅದು ಹೊರೆಯಾಗಲಿಲ್ಲ, ಪ್ಲಾಸ್ಟಿಕ್ಕಿನ ಚೀಲಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ನಿಜವಾದ ಕಷ್ಟ ಬೇರೆ ಇತ್ತು: ಆ ನಲವತ್ತು ಚೀಲ ಯಾರಿಗೆ? ಹೊಸಪೇಟೆಗೆ ಹಿಂದಿರುಗುವ ದಾರಿಯುದ್ದಕ್ಕೂ ತಾಯಿಯ ಕಡೆಯವರ ಪಟ್ಟಿಯೂ ತಂದೆಯ ಕಡೆಯವರ ಪಟ್ಟಿಯೂ ಯುದ್ಧ ಮಾಡಿದುವು. ಈ ಲೇಖನವನ್ನು ಬರೆಯುವ ಹೊತ್ತಿಗೂ ಸಂಧಿಯಾಗಿಲ್ಲ.

ಹಿಂದಿರುಗುವಾಗ ಹಂಪಿಗೆ ಮತ್ತೊಮ್ಮೆ ಹೋದೆವು. ಮರದ ಕೆಳಗೆ ಮುದುಕಿಯಿರಲಿಲ್ಲ. ಹುಡುಗನೊಬ್ಬನು ನಕ್ಷೆಗಳನ್ನು ಮಾರುತ್ತಿದ್ದನು. ಅವಳು ಯಾವ ತಾಂಡಾದವಳೆಂದು ಅವನಿಗೂ ತಿಳಿಯದು. ಉಳಿದರ್ಧ ಹಣವನ್ನು ಒಂದು ಕಾಗದದಲ್ಲಿ ಸುತ್ತಿ ಅಕ್ಕನ ಕೈಯಲ್ಲಿ ಕೊಟ್ಟು, ಪೇಟೆಗೆ ಹೋದಾಗ ನೋಡು ಎಂದು ಹೇಳಿ ರೈಲು ಹತ್ತಿದೆವು.

ಮೂರು ವಾರದ ಮೇಲೆ ಅಕ್ಕನಿಂದ ಒಂದು ಪಾರ್ಸೆಲ್ಲು ಬಂದಿತು. ಒಳಗೆ ಒಣಗಿದ ಬಾಳೆಪಟ್ಟೆಯ ಒಂದು ಸುರುಳಿ. ಗೊನೆ ಕಡಿದ ಕಂಬಗಳನ್ನು ಈಗ ಬದುವಿಗೆ ಹಾಕದೆ ಅಂಗಳದಲ್ಲಿ ಒಣಗಿಸುತ್ತಿದ್ದಾಳಂತೆ, ಆನೆಗೊಂದಿಯವರು ಬಂದು ನೋಡಿ ಹೋದರಂತೆ. ಮುದುಕಿ ಸಿಕ್ಕಿದಳೆಂದೂ ಅಕ್ಕ ಫೋನಿನಲ್ಲಿ ಹೇಳಿದಳು. ಅವಳಿಗೆ ನಮ್ಮ ಗುರುತೇ ಹತ್ತಲಿಲ್ಲವಂತೆ. ಅರ್ಧಕ್ಕೆ ಕೇಳುವವರು ದಿನವೂ ಬರುತ್ತಾರೆ, ಯಾರನ್ನೆಂದು ನೆನಪಿಡಲಿ ಎಂದಳಂತೆ. ಹಣವನ್ನು ಎಣಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡವಳು, ಸುಮ್ಮನೆ ತೆಗೆದುಕೊಳ್ಳುವುದಿಲ್ಲವೆಂದು ಗಂಟಿನೊಳಗಿಂದ ಒಂದು ಸಣ್ಣ ತುಂಡನ್ನು ತೆಗೆದು ಅಕ್ಕನ ಕೈಗೆ ಹಾಕಿದಳಂತೆ. ಅದೂ ಪಾರ್ಸೆಲ್ಲಿನಲ್ಲಿತ್ತು. ನೀಲಿಯ ಬಟ್ಟೆ, ಅಂಚಿಗೆ ಬಿಳಿಯ ಹೊಲಿಗೆ, ನಡುವೆ ಒಂದೇ ಕನ್ನಡಿ. ಮಗಳು ಅದನ್ನು ತಿರುವಿ ಹಿಂಬದಿಯನ್ನು ನೋಡಿ, ತನ್ನ ಮದುವೆಯ ಸೀರೆಯ ಪೆಟ್ಟಿಗೆಯೊಳಗೆ ಇಟ್ಟುಕೊಂಡಳು.